ಹಳೇ ಲಾರಿಯ ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ. ಕೋಲಾರದ ಮಾರ್ಕೆಟ್‌ನಿಂದ ಟೊಮ್ಯಾಟೊ ಹೊರುವ ಹಳೇ ಲಾರಿ ಇಟ್ಟುಕೊಂಡು, ರಿಪೇರಿಯನ್ನು ಮನೆ ಮುಂದೆಯೇ ಮಾಡಿಕೊಳ್ಳುವ ಅಣ್ಣತಮ್ಮಂದಿರಿಗೆ ಇವತ್ತಿನ ಮಾತು. ಅದೂ ಒಂದೇ ಮಾತು: ಇಂಜಿನ್ನಿನ ಬಿಸಿನೀರು ತಣಿಸುವ ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕಬೇಡಿ.

ಸ್ನಾನದ ಹಂಡೆಯೊಳಗೆ ಬೆರಳಾಡಿಸಿ ನೋಡಿ, ಬಿಳಿ ಗಟ್ಟು ಸಿಗುತ್ತದೆ. ಅದು ನಮ್ಮ ಗಡಸು ನೀರಿನ ಸುಣ್ಣ. ಹಂಡೆಯನ್ನಾದರೆ ಕೆರೆದು ತೆಗೆಯಬಹುದು. ರೇಡಿಯೇಟರ್ ಕೊಳವೆಯೊಳಗಿನ ಸಂದು ಕೆಲವೇ ಮಿಲಿಮೀಟರ್. ಅಲ್ಲಿಗೆ ಕೈ ಹೋಗುವುದಿಲ್ಲ.

ಒಂದು ಟೊಮ್ಯಾಟೊ ಗಾಡಿಯ ಕಥೆ ಕೇಳಿ. ಖಾಲಿ ಇದ್ದರೆ ಚೆನ್ನಾಗಿ ಓಡುತ್ತಿತ್ತು, ಲೋಡ್ ಹಾಕಿ ಏರು ಹತ್ತಿದರೆ ಹೀಟ್ ಮುಳ್ಳು ಕೆಂಪಿಗೆ. ಮಾಲೀಕರು ಮೊದಲು ಕ್ಯಾಪ್ ಬದಲಿಸಿದರು. ಆಮೇಲೆ ವಾಟರ್ ಪಂಪ್. ಆಮೇಲೆ ಯಾರದೋ ಮಾತು ಕೇಳಿ, ಕಾದಾಗ ಬಾಯಿ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿದರು. ಹೀಟ್ ಇನ್ನೂ ಜಾಸ್ತಿಯಾಯಿತು! ಏಕೆಂದರೆ ಆ ಇಂಜಿನ್‌ನಲ್ಲಿ ಬೈಪಾಸ್, ಅಂದರೆ ರೇಡಿಯೇಟರ್ ತಪ್ಪಿಸಿ ನೀರು ಸುತ್ತುವ ಅಡ್ಡದಾರಿ, ಮುಚ್ಚುವುದೂ ಥರ್ಮೋಸ್ಟಾಟ್ ಕೆಲಸವೇ. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಇಂಜಿನ್ನೊಳಗೇ ಸುತ್ತುತ್ತದೆ. ಕಾದಾಗಲೆಲ್ಲ ದಾರಿಯಲ್ಲಿ ಸಿಕ್ಕ ಬೋರ್ ನೀರು ತುಂಬಿದರು. ಪ್ರತಿ ಕೊಡದ ಜೊತೆ ಇನ್ನಷ್ಟು ಸುಣ್ಣ. ಕೊನೆಗೆ ರೇಡಿಯೇಟರ್ ಅಂಗಡಿಯಲ್ಲಿ ಮೇಲಿನ ಟ್ಯಾಂಕ್ ಬಿಚ್ಚಿದರೆ, ಒಳಗೆ ಸಾಲುಸಾಲು ಕೊಳವೆ ಬೆಳ್ಳಗೆ ಮುಚ್ಚಿಹೋಗಿದ್ದವು. ಹೊಸ ಪಂಪಿಗೆ ಕೊಟ್ಟ ದುಡ್ಡು ವ್ಯರ್ಥ. ರಾಡ್ ಹಾಕಿಸಿ ಕ್ಲೀನ್ ಮಾಡಿಸಿ, ಹೊಸ ಥರ್ಮೋಸ್ಟಾಟ್ ಕೂರಿಸಿದ ಮೇಲೆ ಗಾಡಿ ತಣ್ಣಗಾಯಿತು.

ಈಗ ಹಳೇ ನೀರು ತೆಗೆದು ಹೊಸದು ತುಂಬುವ ಕೆಲಸಕ್ಕೆ ಬನ್ನಿ. ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಒತ್ತಿ ಹಿಡಿದಿರುವುದರಿಂದಷ್ಟೇ ಒಳಗೆ ಸುಮ್ಮನಿರುತ್ತದೆ. ಬಿಸಿಯಲ್ಲಿ ತಿರುಗಿಸಿದರೆ ಮುಖಕ್ಕೇ ಚಿಮ್ಮುತ್ತದೆ.

ರೇಡಿಯೇಟರ್ ಕೆಳಗಿನ ಕಾಕ್ ಬಿಚ್ಚಿ ಹಳೇ ಕೂಲೆಂಟನ್ನು, ಅಂದರೆ ಇಂಜಿನ್ ತಣಿಸುವ ದ್ರವವನ್ನು, ಟಬ್ಬಿಗೆ ಹಿಡಿಯಿರಿ. ಅದು ಸಿಹಿಯಾದ ವಿಷ, ನಾಯಿ ದನ ನೆಕ್ಕಿದರೆ ಸಾಯುತ್ತವೆ. ಹೋಸ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ರೇಡಿಯೇಟರ್ ಕತ್ತು ಮುರಿಯುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಕೆಳಗಿನ ಹೋಸಿನೊಳಗೆ ಸ್ಪ್ರಿಂಗ್ ಇದ್ದರೆ ಹೊಸದರಲ್ಲೂ ಇರಲಿ, ಇಲ್ಲವಾದರೆ ಪಂಪ್ ಎಳೆಯುವ ರಭಸಕ್ಕೆ ಹೋಸ್ ಚಪ್ಪಟೆಯಾಗುತ್ತದೆ.

ಥರ್ಮೋಸ್ಟಾಟನ್ನು ಪಾತ್ರೆ ನೀರಿಗೆ ಹಾಕಿ ಕಾಯಿಸಿ. ಅದರ ಮೇಲೆ ಕೊರೆದ ಡಿಗ್ರಿ ಹತ್ತಿರ ಬಾಯಿ ತೆರೆಯಬೇಕು. ಕೂರಿಸುವಾಗ ಸ್ಪ್ರಿಂಗ್ ಇಂಜಿನ್ ಕಡೆಗೆ.

ಸಮಯ ಕಡಿಮೆ ಇದೆ, ಪಂಪ್ ಬಗ್ಗೆ ಬೇಗ ಹೇಳುತ್ತೇನೆ. ಪಂಪಿನ ಅಡಿಯ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕಿದರೆ ಸೀಲ್ ಹೋಗಿದೆ, ಪಂಪ್ ಬದಲಿಸಿ. ಹಳೇ ಪ್ಯಾಕಿಂಗ್ ಪೂರ್ತಿ ಕೆರೆದು ತೆಗೆಯಿರಿ. ಸಿಲಿಕಾನ್ ಅಂಟು ಮೆತ್ತಬೇಡಿ, ಉದುರಿದ ಚೂರು ಕೊಳವೆಗೇ ಸಿಕ್ಕಿಕೊಳ್ಳುತ್ತದೆ. ಬೋಲ್ಟ್‌ಗಳನ್ನು ಎದುರು ಬದುರು ಬಿಗಿಯಿರಿ. ಫ್ಯಾನ್ ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು.

ತುಂಬುವುದು ಏನನ್ನು? ಬೋರ್ ನೀರಲ್ಲ! ನೀರು ಬೆರೆಸದ ಗಟ್ಟಿ ಕೂಲೆಂಟ್ ಆದರೆ, 10 ಲೀಟರ್ ಹಿಡಿಯುವ ಗಾಡಿಗೆ 5 ಲೀಟರ್ ಕೂಲೆಂಟ್, 5 ಲೀಟರ್ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಡಬ್ಬಿಯ ಮೇಲೆ ರೆಡಿ ಮಿಕ್ಸ್ ಅಂತ ಇದ್ದರೆ ನೀರು ಬೆರೆಸಬೇಡಿ. ಕ್ಯಾಪ್ ತೆಗೆದಿಟ್ಟು ನಿಧಾನ ಸುರಿಯಿರಿ, ಇಂಜಿನ್ ಐಡಲ್‌ನಲ್ಲಿ ಬಿಟ್ಟು ಮೇಲಿನ ಹೋಸ್ ಹಿಸುಕುತ್ತಿರಿ, ಗಾಳಿ ಗುಳ್ಳೆ ಬರುತ್ತದೆ. ಮಟ್ಟ ಇಳಿದಂತೆ ತುಂಬಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಮರುದಿನ ಬೆಳಗ್ಗೆ, ಇಂಜಿನ್ ಶುರು ಮಾಡುವ ಮೊದಲು, ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿದು ಮಟ್ಟ ನೋಡಿ. ಕಡಿಮೆಯಾಗಿದ್ದರೆ ತುಂಬಲು ಅದೇ ಮಿಶ್ರಣ 2 ಲೀಟರ್ ಕ್ಯಾನಿನಲ್ಲಿ ಸೀಟಿನ ಹಿಂದೆ ಯಾವಾಗಲೂ ಇರಲಿ. ನಮಸ್ಕಾರ.