ಮಳೆಗಾಲದ ಬೆಳಕು, ಕಂಪ್ಯೂಟರಿನ ನೆರಳು

ಕೇಳುಗರಿಗೆ ನಮಸ್ಕಾರ.

2023ರ ಫೆಬ್ರವರಿಯಲ್ಲಿ ಶಿವಮೊಗ್ಗ ಬಳಿಯ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ ಕೊನೆಗೆ ಬೆಂಗಳೂರಿನಿಂದ ಪ್ರಯಾಣಿಕರ ವಿಮಾನ ಬಂದಿಳಿಯಿತು. ಆಮೇಲೆ ನಮ್ಮ ಶಿವಮೊಗ್ಗದ ಹುಡುಗ ಹುಡುಗಿಯರ ಬಾಯಲ್ಲಿ ಫ್ಲೈಟ್ ಸಿಮ್ಯುಲೇಟರಿನ ಮಾತು ಹೆಚ್ಚಾಗಿ ಕೇಳುತ್ತಿದೆ. ಮನೆಯ ಕಂಪ್ಯೂಟರಿನಲ್ಲೇ ಕೂತು ವಿಮಾನ ಹಾರಿಸುವ ತಂತ್ರಾಂಶ ಅದು. ಯಾವುದು ಚೆನ್ನಾಗಿದೆ ಎಂದು ಕೇಳಿ ನೋಡಿ. "ನೆರಳು ನೋಡಿ ಸರ್, ಎಷ್ಟು ಶಾರ್ಪ್ ಆಗಿ ಬೀಳುತ್ತೆ!" ಅನ್ನುತ್ತಾರೆ. ಗೆರೆ ಕೊರೆದ ಹಾಗೆ ಕಪ್ಪಗೆ ಬಿದ್ದರೆ ಅದೇ ನಿಜವಾದ ನೆರಳು ಎಂಬ ನಂಬಿಕೆ. ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

ಬೆಳಗಿನ ಹೊತ್ತು ಅಡಿಕೆ ತೋಟದ ಪಕ್ಕದ ಗದ್ದೆ ಬದುವಿನ ಮೇಲೆ ನಿಂತರೆ ಕಾರಣ ಕಣ್ಣಿಗೇ ಕಾಣುತ್ತದೆ. ಸೂರ್ಯ ಹತ್ತು ಡಿಗ್ರಿ ಮೇಲೆ ಬಂದಿರುವಾಗ ಹದಿನೈದು ಮೀಟರ್ ಎತ್ತರದ ಮರದ ನೆರಳು 85 ಮೀಟರ್ ಉದ್ದಕ್ಕೆ ಮಲಗಿರುತ್ತದೆ. ಬುಡದ ಹತ್ತಿರ ಅಂಚು ಸ್ಪಷ್ಟ. ತುದಿಗೆ ಹೋದರೆ ಸೋಗೆಯ ಎಸಳುಗಳ ಗುರುತೇ ಇಲ್ಲ, ಬರೀ ಮಸುಕು. ಯಾಕೆಂದರೆ ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆ ಬಿಲ್ಲೆಯ ಒಂದಿಷ್ಟು ಮರೆಯಾಗಿ ಒಂದಿಷ್ಟು ಕಾಣುವ ಕಡೆ ಅರೆನೆರಳು ಬೀಳುತ್ತದೆ. ನೆರಳು ಚೆಲ್ಲುವ ವಸ್ತು ಎಷ್ಟು ದೂರವೋ, ಅದರ ಸುಮಾರು 110ರಲ್ಲಿ ಒಂದು ಪಾಲಿನಷ್ಟು ಅಂಚು ಮಸುಕಾಗುತ್ತದೆ.

ವಿಮಾನಕ್ಕೂ ಇದೇ ಲೆಕ್ಕ. ಸೂರ್ಯ ನೆತ್ತಿಯ ಮೇಲಿದ್ದು, ವಿಮಾನ 110 ಮೀಟರ್ ಎತ್ತರದಲ್ಲಿದ್ದಾಗ ನೆಲದ ಮೇಲಿನ ನೆರಳಿನ ಅಂಚು ಸುಮಾರು ಒಂದು ಮೀಟರ್ ಮಸುಕು. ಇಳಿಯುತ್ತಾ ಬಂದ ಹಾಗೆ ನೆರಳು ಗಟ್ಟಿಯಾಗುತ್ತದೆ, ಚೂಪಾಗುತ್ತದೆ, ಓಡಿ ಬಂದು ಚಕ್ರವನ್ನು ಸೇರುತ್ತದೆ. ಬಿಸಿಲಿನ ಹೊತ್ತು ನೆಲ ಎಷ್ಟು ಹತ್ತಿರ ಬಂತು ಎಂದು ಕಣ್ಣಿಗೆ ಹೇಳುವ ಗುರುತುಗಳಲ್ಲಿ ಇದೂ ಒಂದು. ಎಷ್ಟೇ ಎತ್ತರದಲ್ಲಿದ್ದರೂ ನೆರಳನ್ನು ಒಂದೇ ಸಮ ಚೂಪಾಗಿ ತೋರಿಸುವ ಸಿಮ್ಯುಲೇಟರ್ ಆ ಗುರುತನ್ನು ಅಳಿಸಿಬಿಡುತ್ತದೆ.

ಹಾಗಾದರೆ ಕಂಪ್ಯೂಟರ್ ನೆರಳನ್ನು ಹೇಗೆ ಬಿಡಿಸುತ್ತದೆ? ಇವತ್ತಿಗೂ ಹೆಚ್ಚು ಬಳಕೆಯಲ್ಲಿರುವ ಉಪಾಯವನ್ನು ಲ್ಯಾನ್ಸ್ ವಿಲಿಯಮ್ಸ್ ಎಂಬುವರು 1978ರಲ್ಲಿ ಪ್ರಕಟಿಸಿದರು. ಮೊದಲು ಸೂರ್ಯನ ಜಾಗದಿಂದ ಇಡೀ ದೃಶ್ಯವನ್ನು ನೋಡಿ, ಯಾವ ದಿಕ್ಕಿನಲ್ಲಿ ಯಾವ ವಸ್ತು ಎಷ್ಟು ದೂರದಲ್ಲಿದೆ ಎಂಬ ನಕ್ಷೆ ಮಾಡಿಕೊಳ್ಳುವುದು. ಆಮೇಲೆ ಪೈಲಟ್‌ನ ಕಣ್ಣಿಂದ ಚಿತ್ರ ಬಿಡಿಸುವಾಗ ಪ್ರತಿ ಚುಕ್ಕಿಗೂ ಒಂದು ಪ್ರಶ್ನೆ: ಸೂರ್ಯನಿಗೆ ನೀನು ಕಾಣುತ್ತೀಯಾ? ಕಾಣದಿದ್ದರೆ ನೆರಳು. ಬಲು ಜಾಣ ಉಪಾಯ. ಕಷ್ಟ ಇರುವುದು ನಕ್ಷೆಯ ಗಾತ್ರದಲ್ಲಿ. ಪೈಲಟ್ ಕೂರುವ ಕಾಕ್‌ಪಿಟ್ಟಿನ ಸ್ವಿಚ್ಚಿನಿಂದ ಹಿಡಿದು ಕೊಡಚಾದ್ರಿಯ ನೆತ್ತಿಯವರೆಗೆ ಎಲ್ಲವನ್ನೂ ಒಂದೇ ನಕ್ಷೆಗೆ ತುಂಬಿದರೆ ಸ್ವಿಚ್ಚಿನ ನೆರಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದಕ್ಕಾಗಿ ಹತ್ತಿರಕ್ಕೆ ಒಂದು ಸೂಕ್ಷ್ಮ ನಕ್ಷೆ, ದೂರ ಹೋದಷ್ಟೂ ಒರಟು ನಕ್ಷೆಗಳು. ವಿಮಾನ ತಿರುಗಿಸುವಾಗ ಪ್ಯಾನೆಲ್ಲಿನ ಮೇಲೆ ನೆರಳಿನ ಅಂಚು ನಡುಗುವುದನ್ನು ಆಡುವವರು ನೋಡಿರುತ್ತೀರಿ. ನಕ್ಷೆಯ ಸೂಕ್ಷ್ಮತೆ ಸಾಲದಿರುವುದರ ಗುರುತು ಅದು.

ಈ ಉಪಾಯ ಒಂದೇ ಒಂದು ಸೂರ್ಯನನ್ನು ನಂಬಿಕೊಂಡಿದೆ. ನಮ್ಮ ಮಲೆನಾಡಿನಲ್ಲಿ ಜೂನ್ ಹಿಡಿಯಿತೆಂದರೆ ಸೂರ್ಯ ಎಲ್ಲಿ? ಆಗುಂಬೆಯಲ್ಲಿ, ಹೊಸನಗರದಲ್ಲಿ, ತೀರ್ಥಹಳ್ಳಿಯಲ್ಲಿ ದಿನಗಟ್ಟಲೆ ನೆಲಕ್ಕೆ ನೆರಳೇ ಬೀಳುವುದಿಲ್ಲ. ಹಾಗೆಂದು ಎಲ್ಲ ಕಡೆ ಬೆಳಕು ಸಮವಾಗಿಯೂ ಇರುವುದಿಲ್ಲ. ಅಂಗಳಕ್ಕಿಂತ ಜಗುಲಿ ಮಬ್ಬು, ಜಗುಲಿಗಿಂತ ನಡುಮನೆ ಮಬ್ಬು, ಎಲ್ಲೂ ಗೆರೆ ಮಾತ್ರ ಇಲ್ಲ. ಇಡೀ ಆಕಾಶವೇ ದೀಪವಾದಾಗ, ಯಾವ ಜಾಗಕ್ಕೆ ಎಷ್ಟು ಆಕಾಶ ಕಾಣುತ್ತದೆ ಎಂಬುದೇ ಬೆಳಕಿನ ಲೆಕ್ಕ. ಅದನ್ನು ಸರಿಯಾಗಿ ಮಾಡಲು ಪ್ರತಿ ಚುಕ್ಕಿಯಿಂದ ಎಲ್ಲ ದಿಕ್ಕಿಗೂ ನೋಡಬೇಕು. ಒಂದು ಸೂರ್ಯನ ಕೆಲಸಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸೆಕೆಂಡಿಗೆ ಮೂವತ್ತು, ಅರವತ್ತು ಚಿತ್ರ ಬಿಡಿಸಬೇಕಾದ ಯಂತ್ರ ಅಲ್ಲಿ ಅಂದಾಜಿಗೆ ಇಳಿಯುತ್ತದೆ.

ಬಿಸಿಲಿನ ದಿನವೂ ನೆರಳಿನೊಳಗೆ ಈ ಆಕಾಶದ ಬೆಳಕು ಇದ್ದೇ ಇರುತ್ತದೆ. ತೋಟದ ಒಳಗೆ ಅದಕ್ಕೆ ಎಲೆಯಿಂದ ಚಿಮ್ಮಿದ ಹಸಿರೂ ಸೇರುತ್ತದೆ. ನೆರಳು ಕಪ್ಪಲ್ಲ. ಆದರೆ ಪರದೆಗೂ ಒಂದು ಮಿತಿ ಇದೆ. ನೆಲಕ್ಕೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ; ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ಆಸುಪಾಸು. ಇಷ್ಟು ಅಂತರವನ್ನು ಮನೆಯ ಮಾನಿಟರ್ ತೋರಿಸಲಾರದು. ಹೊರಗಿನ ಮೋಡವನ್ನೂ ಒಳಗಿನ ಮೀಟರುಗಳನ್ನೂ ಒಟ್ಟಿಗೆ ಕಾಣಿಸಲು ತಂತ್ರಾಂಶ ಬೆಳಕನ್ನು ಹಿಂಡಿ ಕೂರಿಸಬೇಕು. ಅಲ್ಲಿ ಕೈ ತಪ್ಪಿದರೆ ಕಾಕ್‌ಪಿಟ್ ಗುಹೆಯಂತಾಗುತ್ತದೆ.

ರಾತ್ರಿ ಪರದೆಯ ಈ ಕೊರತೆ ಇನ್ನೂ ಗಂಭೀರ. ಕಾಡು, ಹಿನ್ನೀರು ಸುತ್ತುವರಿದ ಕತ್ತಲಲ್ಲಿ ರನ್‌ವೇ ದೀಪಗಳಷ್ಟೇ ಕಂಡರೆ ಪೈಲಟ್‌ಗೆ ತಾನು ಇರುವುದಕ್ಕಿಂತ ಎತ್ತರದಲ್ಲಿದ್ದೇನೆ ಎನಿಸುತ್ತದೆ, ವಿಮಾನವನ್ನು ಬೇಗ ಕೆಳಗಿಳಿಸುತ್ತಾನೆ. ಅದಕ್ಕೇ ರನ್‌ವೇ ಪಕ್ಕದಲ್ಲಿ, ಇಳಿಯುವ ಕೋನ ಸರಿಯಿದೆಯೇ ಎಂದು ತೋರಿಸುವ ನಾಲ್ಕು ಪಿಎಪಿಐ (PAPI) ದೀಪಗಳು: ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ, ನಾಲ್ಕೂ ಕೆಂಪಾದರೆ ವಿಮಾನ ತೀರಾ ಕೆಳಗಿದೆ, ಅಪಾಯ. ತರಬೇತಿ ಕೇಂದ್ರಗಳ ದೊಡ್ಡ ಸಿಮ್ಯುಲೇಟರುಗಳಲ್ಲಿ ಇಂಥ ದೀಪಗಳು ಪ್ರಖರವಾಗಿ ಕಾಣಲೆಂದೇ, ಅವುಗಳನ್ನು ಮಾತ್ರ ಪ್ರತ್ಯೇಕವಾಗಿ ಚುಕ್ಕಿ ಚುಕ್ಕಿಯಾಗಿ ಬರೆಯುವ ಪ್ರೊಜೆಕ್ಟರುಗಳನ್ನು ಬಳಸುತ್ತಿದ್ದರು.

ಸಿಮ್ಯುಲೇಟರ್ ಇಟ್ಟುಕೊಂಡವರು ಎರಡು ಪರೀಕ್ಷೆ ಮಾಡಿ. ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ 12 ಗಂಟೆ 25 ನಿಮಿಷಕ್ಕೆ ವಿಮಾನವನ್ನು ಸೋಗಾನೆಯಲ್ಲಿ ನಿಲ್ಲಿಸಿ. ಆಗ ಸೂರ್ಯ ನಮ್ಮ ನೆತ್ತಿಯ ಮೇಲಿರುತ್ತಾನೆ. ರೆಕ್ಕೆಯ ನೆರಳು ರೆಕ್ಕೆಯ ನೇರ ಕೆಳಗೇ ಇರಬೇಕು. ಇದು ಬರೀ ಜ್ಯಾಮಿತಿ, ಬಹುತೇಕ ಎಲ್ಲವೂ ಪಾಸಾಗುತ್ತವೆ. ಆಮೇಲೆ ಜುಲೈ ತಿಂಗಳಿಟ್ಟು, ಪೂರ್ತಿ ಮೋಡ ಕವಿಸಿ, ತೀರ್ಥಹಳ್ಳಿಯ ಮೇಲೆ ತಗ್ಗಿನಲ್ಲಿ ಹಾರಿಸಿ. ಮರದ ಬುಡದಲ್ಲಿ ಗೆರೆಯಿಲ್ಲದ ಮಬ್ಬು ಬಂದಿದೆಯೇ? ಕಣಿವೆಯ ತಳ ಗುಡ್ಡದ ನೆತ್ತಿಗಿಂತ ಮಂಕಾಗಿದೆಯೇ? ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಹಾಕುವ ಮುನ್ನ ನಾನು ನೋಡುವುದು ಈ ಎರಡನೆಯದನ್ನು.

ನಮಸ್ಕಾರ.