ತಟ್ಟೆಯ ಲೆಕ್ಕ ಮೊದಲು, ಮಾತ್ರೆ ಆಮೇಲೆ

ವೇದಿಕೆ ಮೇಲಿರುವ ಹಿರಿಯರಿಗೆ, ಮುಂದೆ ಕೂತಿರುವ ಅಕ್ಕತಂಗಿಯರಿಗೆ, ಬಾಗಿಲ ಹತ್ತಿರ ನಿಂತೇ ಇರುವ ಅಣ್ಣಂದಿರಿಗೆ ನಮಸ್ಕಾರ. ಅಣ್ಣಂದಿರೇ, ಒಳಗೆ ಬನ್ನಿ, ಕುರ್ಚಿ ಖಾಲಿ ಇವೆ. ಮೂಳೆ ಸವೆಯುವುದು ಹೆಂಗಸರಿಗೆ ಮಾತ್ರ ಅಲ್ಲ.

ಅಕ್ಟೋಬರ್ 20 ವಿಶ್ವ ಆಸ್ಟಿಯೊಪೊರೋಸಿಸ್ ದಿನ, ಅಂದರೆ ಮೂಳೆ ಸವೆದು ಟೊಳ್ಳಾಗುವ ರೋಗದ ಬಗ್ಗೆ ಎಚ್ಚರಿಸುವ ದಿನ. ಆ ನೆಪದಲ್ಲಿ ಸಂಘದವರು ನನ್ನನ್ನು ಕರೆದಿದ್ದಾರೆ. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಇಲ್ಲೇ ಮಂಡ್ಯದಲ್ಲಿ ಮೆಡಿಕಲ್ಸ್ ನಡೆಸುತ್ತೇನೆ. ಡಾಕ್ಟರು ಏನು ಬರೆದರು, ಜನ ಅದನ್ನು ಹೇಗೆ ನುಂಗಿದರು, ಎರಡೂ ನನ್ನ ಕೌಂಟರ್ ಮುಂದೆ ಹಾದುಹೋಗುತ್ತವೆ. ಸುಸ್ತು ಅಂದರೆ ಕ್ಯಾಲ್ಸಿಯಂ. ಸೊಂಟ ನೋವು ಅಂದರೆ ಕ್ಯಾಲ್ಸಿಯಂ. ಕೂದಲು ಉದುರಿದರೂ ಕ್ಯಾಲ್ಸಿಯಂ. ಯಾರು ಬರೆದುಕೊಟ್ಟರು ಅಂತ ಕೇಳಿದರೆ, "ಪಕ್ಕದ ಮನೆಯವರು ತಗೋತಾರಲ್ಲ" ಅನ್ನುತ್ತಾರೆ. ಇನ್ನೊಂದು ಕಡೆ, ನಿಜವಾಗಿ ಬೇಕಾದ ಬಸುರಿ ಹೆಂಗಸರು ಒಂದು ಶೀಟ್ ಮುಗಿಸಿ ನಿಲ್ಲಿಸಿಬಿಡುತ್ತಾರೆ. ಬೇಡದವರು ಬಿಡುವುದಿಲ್ಲ, ಬೇಕಾದವರು ಹಿಡಿಯುವುದಿಲ್ಲ. ನನಗೆ ನಿದ್ದೆ ಕೆಡಿಸುವ ವಿಷಯ ಇದು.

ನಾನು ಕೇಳುವುದು ಇಷ್ಟೇ. ಮಾತ್ರೆ ಕೊಳ್ಳುವ ಮುಂಚೆ ತಟ್ಟೆ ಲೆಕ್ಕ ಹಾಕಿ. ಇವತ್ತು ಇದನ್ನು ಜಾಸ್ತಿ ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ದೊಡ್ಡವರ ಮೈಯಲ್ಲಿ ಒಂದು ಕಿಲೋ ಹತ್ತಿರ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಭಾಗ ಮೂಳೆ, ಹಲ್ಲುಗಳಲ್ಲಿ. ಉಳಿದ ಒಂದು ಭಾಗ ರಕ್ತದಲ್ಲಿ, ಮಾಂಸದಲ್ಲಿ. ಆದರೆ ಆ ಒಂದು ಭಾಗ ಇಲ್ಲದಿದ್ದರೆ ಹೃದಯ ಬಡಿಯುವುದಿಲ್ಲ, ಕೈಕಾಲು ಆಡುವುದಿಲ್ಲ, ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ರಕ್ತದ ಕ್ಯಾಲ್ಸಿಯಂ ಇಳಿಯಲು ಮೈ ಬಿಡುವುದೇ ಇಲ್ಲ. ಕತ್ತಿನಲ್ಲಿ, ಥೈರಾಯ್ಡ್ ಹಿಂದೆ, ಅಕ್ಕಿ ಕಾಳಿನಷ್ಟು ಗಾತ್ರದ ನಾಲ್ಕು ಗ್ರಂಥಿಗಳಿವೆ. ಪ್ಯಾರಾಥೈರಾಯ್ಡ್ ಅಂತ. ರಕ್ತದಲ್ಲಿ ಚೂರು ಕಡಿಮೆ ಆದರೂ ಸಾಕು, ಮೂಳೆಯಿಂದ ತೆಗೆದು ತುಂಬು ಅಂತ ಆಜ್ಞೆ ಹೊರಡುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ರಾಗಿ ಹಗೇವು ಇರುತ್ತಿತ್ತಲ್ಲ, ನೆಲದೊಳಗೆ? ಬರ ಬಂದಾಗ ಅದರಿಂದ ತೆಗೆಯುತ್ತಿದ್ದರು. ನಮ್ಮ ಮೂಳೆ ಆ ಹಗೇವು. ಸುಗ್ಗಿಯಲ್ಲಿ ತುಂಬದೆ ವರ್ಷವಿಡೀ ತೆಗೆಯುತ್ತಿದ್ದರೆ ಒಂದು ದಿನ ಬರಿದಾಗುತ್ತದೆ.

ಇದರಿಂದ ಇನ್ನೊಂದು ಮಾತು. ರಕ್ತ ಪರೀಕ್ಷೆಯ ರಿಪೋರ್ಟ್ ತಂದು, "ಕ್ಯಾಲ್ಸಿಯಂ ನಾರ್ಮಲ್ ಇದೆ, ಮೂಳೆ ಗಟ್ಟಿ ಇದೆ ಅಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಮೂಳೆ ಸವೆಯುತ್ತಿದ್ದರೂ ಆ ಅಂಕಿ ನಾರ್ಮಲ್ ಆಗಿಯೇ ಇರುತ್ತದೆ. ಮೂಳೆ ನೋಡಲು ಡೆಕ್ಸಾ ಅಂತ ಬೇರೆ ಸ್ಕ್ಯಾನ್ ಇದೆ.

ಈಗ ತಟ್ಟೆಗೆ ಬನ್ನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊಸ ಪಟ್ಟಿ ಕೊಟ್ಟಿತು. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ. ಅದಕ್ಕೆ ಮುಂಚಿನ ಪಟ್ಟಿಯಲ್ಲಿ 600 ಇತ್ತು. ಹಾಲೂಡಿಸುವ ತಾಯಂದಿರಿಗೆ, ಮುಟ್ಟು ನಿಂತವರಿಗೆ 1200. ನೂರು ಗ್ರಾಂ ರಾಗಿ ಹಿಟ್ಟು, ಅಂದರೆ ಒಂದು ಒಳ್ಳೆಯ ಮುದ್ದೆ, ಸುಮಾರು 350 ಮಿಲಿಗ್ರಾಂ ಕೊಡುತ್ತದೆ. ಅಷ್ಟೇ ತೂಕದ ಅಕ್ಕಿ ಕೊಡುವುದು ಹತ್ತರ ಆಸುಪಾಸು. ಹತ್ತು! ಒಂದು ಲೋಟ ಹಾಲು 240 ಹತ್ತಿರ. ಒಂದು ಬಟ್ಟಲು ಮೊಸರು 120 ದಾಟುತ್ತದೆ. ಕೆನೆ ತೆಗೆದರೂ ಹಾಲಿನ ಕ್ಯಾಲ್ಸಿಯಂ ಹೋಗುವುದಿಲ್ಲ. ತುಪ್ಪದಲ್ಲಿ ಮಾತ್ರ ಇಲ್ಲ. ಒಂದು ದೊಡ್ಡ ಚಮಚ ಎಳ್ಳು ನೂರು ಮಿಲಿಗ್ರಾಂ ದಾಟಿಸುತ್ತದೆ, ಸಿಪ್ಪೆ ಸಮೇತ ಇರಬೇಕು ಅಷ್ಟೇ. ನುಗ್ಗೆ ಸೊಪ್ಪಂತೂ ಹಿತ್ತಲಲ್ಲೇ ಇದೆ, ಕಾಸು ಕೊಡಬೇಕಿಲ್ಲ. ಪಾಲಕ್ ಮಾತ್ರ ಲೆಕ್ಕಕ್ಕೆ ತಗೋಬೇಡಿ. ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ನೂರಕ್ಕೆ ಐದು ಭಾಗವೂ ಮೈಗೆ ಹತ್ತುವುದು ಕಷ್ಟ. ರಾಗಿಯಲ್ಲೂ ಫೈಟೇಟ್ ಅಂತ ಒಂದು ಅಡ್ಡಿ ಇದೆ. ಆದರೆ ನೆನೆಸಿ ಮೊಳಕೆ ಕಟ್ಟಿದರೆ ಅದು ಇಳಿಯುತ್ತದೆ. ಮಗುವಿಗೆ ರಾಗಿ ಸರಿ ಮಾಡುವಾಗ ಅಜ್ಜಿಯರು ಮಾಡುತ್ತಿದ್ದದ್ದು ಅದನ್ನೇ.

ಇದನ್ನು ಹೇಳುವಾಗ ನನಗೆ ನಮ್ಮ ವಿ.ಸಿ. ಫಾರ್ಮ್, ಅಂದರೆ ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ, ನೆನಪಾಗುತ್ತದೆ. ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿ ತಂದದ್ದು ಅಲ್ಲೇ. ರಾಗಿಯ ಇಳುವರಿ ಏರಿಸಿದ ಊರು ನಮ್ಮದು. ಆ ಊರಿನ ಹುಡುಗಿಯರು ಇವತ್ತು ಮುದ್ದೆ ಬೇಡ ಅಂತಾರೆ, ಕ್ಯಾಲ್ಸಿಯಂ ಮಾತ್ರೆ ಕೊಡಿ ಅಂತಾರೆ. ನೋವಾಗುತ್ತದೆ ನನಗೆ.

ಒಬ್ಬ ಸೊಸೆ, ಒಬ್ಬ ಅತ್ತೆ ನನ್ನ ಅಂಗಡಿಗೆ ಬಂದಿದ್ದರು. ಸೊಸೆಗೆ ನಲವತ್ತರ ಮೇಲೆ. ಥೈರಾಯ್ಡ್ ಮಾತ್ರೆ ತಗೊಳ್ಳಲು ಬಂದದ್ದು. ಡೋಸು 50 ಇದ್ದದ್ದು 75 ಆಯಿತು, 75 ಇದ್ದದ್ದು 100 ಆಯಿತು. ಆದರೂ ಥೈರಾಯ್ಡ್ ಹತೋಟಿ ತೋರಿಸುವ ರಕ್ತದ ಅಂಕಿ ಟಿಎಸ್‌ಎಚ್ ಇಳಿಯುತ್ತಿಲ್ಲ. "ಔಷಧಿ ಡೂಪ್ಲಿಕೇಟ್ ಏನಣ್ಣ?" ಅಂದರು. ನನಗೆ ಚುರ್ ಅಂತು. "ಅಮ್ಮ, ಬೇರೆ ಏನೇನು ಮಾತ್ರೆ ತಗೋತೀರಿ? ಎಲ್ಲಾ ತೋರಿಸಿ" ಅಂದೆ. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಕೌಂಟರ್ ಮೇಲೆ ಸುರಿದರು. ಮಂಡಿ ನೋವಿಗೆ ಒಬ್ಬರು ಬರೆದ ಶೀಟ್. ಹೆಂಗಸರ ಡಾಕ್ಟರು ಬರೆದ ಶೀಟ್. ತಂಗಿ ಕೊಟ್ಟ ಇನ್ನೊಂದು. ಒಂದು ಬಿಳಿ, ಒಂದು ಗುಲಾಬಿ, ಒಂದು ತಿಳಿ ಹಸಿರು. ಮೂರಕ್ಕೂ ಬೇರೆ ಬೇರೆ ಹೆಸರು. ತಿರುಗಿಸಿ ಹಿಂದಿನ ಬರಹ ಓದಿದೆ. ಮೂರೂ ಕ್ಯಾಲ್ಸಿಯಂ. ಜೊತೆಗೆ ಐರನ್ ಮಾತ್ರೆ ಬೇರೆ.

"ಇವನ್ನೆಲ್ಲಾ ಯಾವಾಗ ತಗೋತೀರಿ?"

"ಬೆಳಿಗ್ಗೆ ಎದ್ದ ತಕ್ಷಣ ಅಣ್ಣ. ಥೈರಾಯ್ಡ್‌ದು ಖಾಲಿ ಹೊಟ್ಟೇಲಿ ತಗೋಬೇಕಲ್ಲ, ಅದರ ಜೊತೆ ಎಲ್ಲಾನೂ ಒಂದೇ ಸಲ ನುಂಗ್ಬಿಡ್ತೀನಿ. ಆಮೇಲೆ ಕೊಟ್ಟಿಗೆ ಕೆಲಸ, ಮರ್ತೋಗುತ್ತೆ."

ಅಲ್ಲೇ ಗುಟ್ಟು ಸಿಕ್ಕಿತು. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಯ್ಡ್ ಔಷಧಿಯನ್ನು ಹಿಡಿದುಕೊಂಡುಬಿಡುತ್ತದೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಐರನ್ ಜೊತೆಗೂ ಕೂಡದು, ಎರಡು ಗಂಟೆ ಅಂತರ ಇರಲಿ. ಇನ್ನೂ ಒಂದಿದೆ. ನಮ್ಮ ಕರುಳು ಒಂದು ಸಲಕ್ಕೆ 500 ಮಿಲಿಗ್ರಾಂ ಮೇಲೆ ಕೊಟ್ಟರೆ ಸರಿಯಾಗಿ ಹೀರುವುದಿಲ್ಲ. ಈ ತಾಯಿ 1500 ಒಟ್ಟಿಗೆ ನುಂಗುತ್ತಿದ್ದರು. ಅದೂ ಕಾರ್ಬೊನೇಟ್, ಅದೂ ಖಾಲಿ ಹೊಟ್ಟೆಯಲ್ಲಿ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಅದಕ್ಕೇ ಊಟದ ಜೊತೆ ತಗೋಬೇಕು. ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಇನ್ನೊಂದು ಬಗೆ ಆದರೆ ಯಾವಾಗಲಾದರೂ ಸರಿ. ಮಲಬದ್ಧತೆ ಇದೆಯಾ ಅಂತ ಕೇಳಿದೆ. ಆ ತಾಯಿ ತಲೆ ತಗ್ಗಿಸಿದರು. ಇರದೇ ಇರುತ್ತಾ?

ಅಷ್ಟರಲ್ಲಿ ಅತ್ತೆ ಬಾಯಿ ಹಾಕಿದರು. "ನಾನು ಒಂದು ಮಾತ್ರೆನೂ ನುಂಗ್ದೋಳಲ್ಲ ಕಣಪ್ಪ. ಈಗಲೂ ಹುಲ್ಲು ಹೊರೆ ಹೊರ್ತೀನಿ." ಏನು ಊಟ ಮಾಡ್ತೀರಿ ಅಂತ ಇಬ್ಬರನ್ನೂ ಕೇಳಿದೆ. ಅತ್ತೆಗೆ ಎರಡು ಹೊತ್ತು ಮುದ್ದೆ, ಬಸ್ಸಾರು, ಮಜ್ಜಿಗೆ. ಸೊಸೆಗೆ ಬೆಳಿಗ್ಗೆ ಟೀ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಉಳಿದದ್ದು. ಹಾಲು ಡೇರಿಗೆ ಹೋಗುತ್ತದೆ. ಮನೆಯಲ್ಲಿ ಎರಡು ಹಸು, ಹಾಲು ಕರೆಯುವವರಿಗೇ ಹಾಲಿಲ್ಲ! ನೋಡಿ, ಎಲ್ಲಾ ಬರೆದ ಒಂದು ಚೀಟಿ ಕೊಟ್ಟು ಡಾಕ್ಟರ ಹತ್ತಿರ ಕಳಿಸಿದೆ. ಅವರು ಎರಡು ಶೀಟ್ ನಿಲ್ಲಿಸಿದರು, ಒಂದನ್ನು ಮಧ್ಯಾಹ್ನದ ಊಟಕ್ಕೆ ಇಟ್ಟರು. ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿದಿತ್ತು. ಹೊಸ ಔಷಧಿ ಏನೂ ಬೇಕಾಗಲಿಲ್ಲ.

ಹಾಗಾದರೆ ಮಾತ್ರೆಯೇ ಬೇಡವಾ? ನಾನು ಹಾಗೆ ಹೇಳುವುದಿಲ್ಲ. ಎರಡು ದೊಡ್ಡ ಅಧ್ಯಯನ ಹೇಳುತ್ತೇನೆ. 1992ರಲ್ಲಿ ಫ್ರಾನ್ಸಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ವೃದ್ಧೆಯರನ್ನು ಪರೀಕ್ಷೆಗೆ ತೆಗೆದುಕೊಂಡರು. ಎಲ್ಲರೂ ವೃದ್ಧಾಶ್ರಮದಂಥ ಕಡೆ ಇದ್ದವರು, ಸರಾಸರಿ ವಯಸ್ಸು 84. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟವರಲ್ಲಿ ಸೊಂಟದ ಮೂಳೆ ಮುರಿತ ಚೆನ್ನಾಗಿ ಇಳಿಯಿತು. 2006ರಲ್ಲಿ ಅಮೆರಿಕದಿಂದ ಇನ್ನೊಂದು ಬಂತು. 36,000ಕ್ಕೂ ಹೆಚ್ಚು ಹೆಂಗಸರು, ಸುಮಾರು ಏಳು ವರ್ಷ. ಅಲ್ಲಿ ಮುರಿತ ಇಳಿಯಿತು ಅಂತ ಖಚಿತವಾಗಿ ಹೇಳುವಷ್ಟು ಫಲ ಸಿಗಲಿಲ್ಲ, ಕಿಡ್ನಿ ಕಲ್ಲು ಮಾತ್ರ ಸ್ವಲ್ಪ ಜಾಸ್ತಿ ಆಯಿತು. ಹೆಚ್ಚುಕಡಿಮೆ ಅದೇ ಮಾತ್ರೆ, ಫಲ ಬೇರೆ. ಯಾಕೆ? ಒಂದು ಮುಖ್ಯ ಕಾರಣ ನನಗೆ ಕಾಣುವುದು ಇದು: ಫ್ರಾನ್ಸಿನ ಅಜ್ಜಿಯರಿಗೆ ಊಟದಲ್ಲೂ ಕಡಿಮೆ ಇತ್ತು, ಬಿಸಿಲೂ ಇರಲಿಲ್ಲ. ಅಮೆರಿಕದವರ ತಟ್ಟೆಯಲ್ಲಿ ಆಗಲೇ ಸಾಕಷ್ಟಿತ್ತು. ತಟ್ಟೆ ಲೆಕ್ಕ ಹಾಕಿ ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ. ತಟ್ಟೆಯಲ್ಲಿ 600 ಇದ್ದರೆ ಮಾತ್ರೆಯಿಂದ ಬೇಕಾದದ್ದು 400, ಅಷ್ಟೇ.

ಬಸುರಿಯರ ವಿಷಯ ಬೇರೆ. ಅಲ್ಲಿ ಕ್ಯಾಲ್ಸಿಯಂ ಮೂಳೆಗಷ್ಟೇ ಅಲ್ಲ, ಬಿಪಿ ಏರಿ ಅಪಾಯವಾಗುವ ಪ್ರಿಎಕ್ಲಾಂಪ್ಸಿಯಾ ತಡೆಯಲೂ ಬೇಕು. ಊಟದಲ್ಲಿ ಕಡಿಮೆ ಇರುವ ಕಡೆ ದಿನಕ್ಕೆ 1500ರಿಂದ 2000 ಮಿಲಿಗ್ರಾಂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದಿದೆ. ಅಷ್ಟು ಮಾತ್ರೆ ಯಾರು ನುಂಗುತ್ತಾರೆ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇದನ್ನು 11,000 ಬಸುರಿಯರಲ್ಲಿ ಪರೀಕ್ಷಿಸಿದರು. ತಾಂಜಾನಿಯಾದಲ್ಲೂ ಅಷ್ಟೇ ಜನರಲ್ಲಿ ನಡೆಯಿತು. 2024ರಲ್ಲಿ ಫಲಿತಾಂಶ ಬಂತು. ಪ್ರಿಎಕ್ಲಾಂಪ್ಸಿಯಾ ತಡೆಯುವುದರಲ್ಲಿ ದಿನಕ್ಕೆ 500 ಕೂಡ 1500ಕ್ಕಿಂತ ಕಡಿಮೆ ಏನಲ್ಲ. ನಮ್ಮ ಹೆಣ್ಣುಮಕ್ಕಳು ಪ್ರಪಂಚಕ್ಕೆ ಕೊಟ್ಟ ಉತ್ತರ ಇದು, ನನಗೆ ಹೆಮ್ಮೆ. ಆದರೆ ಡೋಸನ್ನು ನೀವೇ ಇಳಿಸಬೇಡಿ, ಡಾಕ್ಟರು ಹೇಳಿದಷ್ಟು ತಗೊಳ್ಳಿ. ಹೆರಿಗೆ ಆದಮೇಲೂ ಬಿಡಬೇಡಿ. ಬಾಣಂತಿಗೆ ಸೊಪ್ಪು ನಂಜು, ಮೊಸರು ಶೀತ ಅಂತ ಪಥ್ಯ ಇಡುತ್ತೀರಲ್ಲ ತಾಯಂದಿರೇ, ಅವಳ ಎದೆಹಾಲಿನಲ್ಲೇ ದಿನಕ್ಕೆ 200 ಮಿಲಿಗ್ರಾಂ ಮೇಲೆ ಮಗುವಿಗೆ ಹೋಗುತ್ತದೆ. ಅವಳ ತಟ್ಟೆ ಖಾಲಿ ಇಟ್ಟು ಅದನ್ನು ಎಲ್ಲಿಂದ ತರುತ್ತೀರಿ?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ. ಸರಿ, ಬೇಗ ಹೇಳುತ್ತೇನೆ.

ಕಿಡ್ನಿ ಕಲ್ಲು ಆದವರು ಹಾಲು, ಮೊಸರು ಪೂರ್ತಿ ಬಿಡುತ್ತಾರೆ. ಬಿಡಬಾರದು. ಊಟದ ಕ್ಯಾಲ್ಸಿಯಂ, ಕಿಡ್ನಿಯಲ್ಲಿ ಕಲ್ಲಾಗುವ ಆಕ್ಸಲೇಟ್ ಅನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತದೆ. 2002ರಲ್ಲಿ ಇಟಲಿಯಲ್ಲಿ 120 ಗಂಡಸರನ್ನು ಐದು ವರ್ಷ ನೋಡಿದರು. ಸಾಕಷ್ಟು ಕ್ಯಾಲ್ಸಿಯಂ ತಿಂದು ಉಪ್ಪು, ಮಾಂಸ ಇಳಿಸಿದವರಿಗೇ ಕಲ್ಲು ಮರುಕಳಿಸಿದ್ದು ಕಡಿಮೆ.

ವಿಟಮಿನ್ ಡಿ. ಅದಿಲ್ಲದೆ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ಒಳಗೆ ಹೋಗುವುದಿಲ್ಲ. 60,000 ಯೂನಿಟ್ ಪುಡಿಯನ್ನು ವಾರಕ್ಕೊಂದು ಅಂತ ಬರೆದರೆ ವಾರಕ್ಕೊಂದೇ. ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಹೊಡೆತ.

ಎಲೆಗೆ ಹಚ್ಚುವ ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಅಂತ ಅಲ್ಲಿ ಒಬ್ಬರು ಅಜ್ಜಿ ಕೇಳುತ್ತಿದ್ದಾರೆ. ಇದೆ ಅಜ್ಜಿ. ಆದರೆ ಜೊತೆಗೆ ಅಡಿಕೆ, ಹೊಗೆಸೊಪ್ಪು ಹೋಗುತ್ತದೆ, ಬಾಯಿ ಕ್ಯಾನ್ಸರ್ ತರುತ್ತದೆ. ಮೂಳೆಗೆ ಅಂತ ಅದನ್ನು ಮುಂದುವರಿಸಬೇಡಿ.

ಕೊನೆಯದು ಮಕ್ಕಳು. ಹತ್ತರಿಂದ ಹದಿನೆಂಟರ ಒಳಗೆ ಮೂಳೆ ತುಂಬುವಷ್ಟು ಆಮೇಲೆ ಯಾವತ್ತೂ ತುಂಬುವುದಿಲ್ಲ. ಮೂವತ್ತರ ಹೊತ್ತಿಗೆ ಮುಗಿಯಿತು. ಕ್ಷೀರಭಾಗ್ಯದ ಹಾಲು 2013ರಿಂದ ಶಾಲೆಯಲ್ಲಿ ಸಿಗುತ್ತಿದೆ, ಈಗ ರಾಗಿ ಮಾಲ್ಟ್ ಕೂಡ ಬೆರೆಸುತ್ತಾರೆ. ನಿಮ್ಮ ಹುಡುಗಿ ಅದನ್ನು ಕುಡಿಯುತ್ತಾಳಾ, ಗೆಳತಿಗೆ ದಾಟಿಸುತ್ತಾಳಾ? ಇವತ್ತು ಸಂಜೆ ಕೇಳಿ. ಮಾತ್ರೆ ಡಬ್ಬ ತಂದಿರುವವರು ಹೊರಗೆ ಟೀ ಕೊಡುವ ಕಡೆ ಬನ್ನಿ, ಒಂದೊಂದಾಗಿ ಓದೋಣ. ನಮಸ್ಕಾರ.