ಹೃದಯದೊಳಗಿನ ಹಿಸ್ಟಮಿನ್ ಮತ್ತು ಆಪರೇಷನ್ನಿನ ಆ ಹತ್ತು ನಿಮಿಷ

ಎಲ್ಲರಿಗೂ ನಮಸ್ಕಾರ.

ಪಿತ್ತದ ಗಂಧೆ ಎದ್ದ ಮಗುವಿಗೆ ಮನೆಯಲ್ಲಿ ಕರಿ ಕಂಬಳಿ ಹೊದಿಸುವುದನ್ನು ನೀವು ನೋಡಿರುತ್ತೀರಿ. ಮೈತುಂಬ ಕೆಂಪು ದದ್ದು, ತಡೆಯಲಾಗದ ತುರಿಕೆ. ಆ ದದ್ದು ಎಬ್ಬಿಸುವುದು ಹಿಸ್ಟಮಿನ್ ಅನ್ನುವ ರಾಸಾಯನಿಕ. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಅದನ್ನು ಸಣ್ಣ ಸಣ್ಣ ಕಾಳುಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ಕೆರಳಿದರೆ ಒಮ್ಮೆಗೇ ಚೆಲ್ಲಿಬಿಡುತ್ತವೆ.

ಇದೇ ಕೋಶಗಳು ಹೃದಯದಲ್ಲೂ ಇವೆ. ರಕ್ತನಾಳಗಳ ಪಕ್ಕದಲ್ಲಿ, ಸ್ನಾಯುವಿನ ಎಳೆಗಳ ನಡುವೆ. ಅಲ್ಲಿ ಚೆಲ್ಲಿದ ಹಿಸ್ಟಮಿನ್ ತುರಿಕೆ ತರುವುದಿಲ್ಲ. ಹಿಸ್ಟಮಿನ್ ಬಂದು ಕೂರಲು ಕೋಶಗಳ ಮೇಲೆ ಎಚ್1, ಎಚ್2 ಎಂಬ ಗ್ರಾಹಕಗಳಿವೆ. ಎಚ್2 ಮೂಲಕ ಅದು ಬಡಿತವನ್ನು ಓಡಿಸುತ್ತದೆ. ಎಚ್1 ಮೂಲಕ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ವಿದ್ಯುತ್ ಸಂದೇಶವನ್ನು ತಡಮಾಡುತ್ತದೆ. ಹೃದಯಕ್ಕೇ ರಕ್ತ ಕೊಡುವ ನಾಳಗಳನ್ನು ಬಿಗಿಯುವುದೂ ಉಂಟು. ಅದೇ ಹೊತ್ತಿಗೆ ಮೈಯ ಉಳಿದ ರಕ್ತನಾಳಗಳು ಸಡಿಲವಾಗಿ ಬಿಪಿ ಕುಸಿಯುತ್ತದೆ. ಆಗಷ್ಟೇ ಹೊಲಿಗೆ ಹಾಕಿಸಿಕೊಂಡ ಹೃದಯಕ್ಕೆ ಇಷ್ಟೆಲ್ಲ ಒಟ್ಟಿಗೆ ಬಂದರೆ ಕಷ್ಟ ಅಲ್ವಾ?

ನಾನು ಅರಿವಳಿಕೆ ವೈದ್ಯ. ಮಾಸ್ಟ್ ಕೋಶಗಳನ್ನು ಕೆರಳಿಸುವ ಔಷಧಿಗಳು ನಮ್ಮ ಟ್ರೇಯಲ್ಲೇ ಇರುತ್ತವೆ. ನೋವು ಕಳೆಯುವ ಮಾರ್ಫಿನ್, ಸ್ನಾಯು ಸಡಿಲಿಸುವ ಅಟ್ರಾಕ್ಯೂರಿಯಂ, ಬೇಗ ಹರಿಸಿಬಿಟ್ಟರೆ ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯಾಟಿಕ್. ಆಪರೇಷನ್ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಮಷಿನ್ನಿನ ಪ್ಲಾಸ್ಟಿಕ್ ಕೊಳವೆಗಳಲ್ಲಿ ರಕ್ತ ಹರಿಯುವುದೂ ಒಂದು ಕಾರಣವೇ. ಆದರೆ ನನ್ನನ್ನು ಇವತ್ತಿಗೂ ಜಾಸ್ತಿ ಎಚ್ಚರದಲ್ಲಿಡುವುದು ಪ್ರೊಟಮಿನ್.

ಮಷಿನ್ನಿಗೆ ಹಾಕುವ ಮೊದಲು ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತೇವೆ. ಕಿಲೋಗೆ 300 ಯೂನಿಟ್ ಅಂತ ಹಿಡಿದರೆ, 60 ಕಿಲೋ ತೂಕದವರಿಗೆ 18,000 ಯೂನಿಟ್. ಕೆಲಸ ಮುಗಿದ ಮೇಲೆ ಅದನ್ನು ಅಳಿಸಬೇಕು. ಅಳಿಸುವುದು ಪ್ರೊಟಮಿನ್. 100 ಯೂನಿಟ್‌ಗೆ ಸುಮಾರು 1 ಮಿಲಿಗ್ರಾಂ. ಇದು ಮೊದಲು ಸಿಕ್ಕಿದ್ದು ಮೀನಿನ ವೀರ್ಯದಲ್ಲಿ. 1874ರಲ್ಲಿ ಸ್ವಿಟ್ಜರ್ಲೆಂಡಿನ ಫ್ರೀಡ್ರಿಶ್ ಮೀಷರ್ ರೈನ್ ನದಿಯ ಸಾಲ್ಮನ್ ಮೀನಿನಿಂದ ಇದನ್ನು ತೆಗೆದು ಹೆಸರಿಟ್ಟರು. ಇದು ಹೆಪಾರಿನ್ನನ್ನು ಅಳಿಸುತ್ತದೆ ಅಂತ ಗೊತ್ತಾಗಿದ್ದು 1937ರಲ್ಲಿ.

ನನಗೆ ಬಹಳ ಸೋಜಿಗ ಅನ್ನಿಸುವ ಒಂದು ಸಂಗತಿ ಹೇಳುತ್ತೇನೆ. ಮಾಸ್ಟ್ ಕೋಶದ ಕಾಳಿನೊಳಗೆ ಹಿಸ್ಟಮಿನ್ ಒಂದೇ ಇರುವುದಿಲ್ಲ, ಹೆಪಾರಿನ್ ಕೂಡ ಇರುತ್ತದೆ. ನಾವು ಬಾಟಲಿಯಿಂದ ಕೊಡುವುದನ್ನು ದೇಹ ಮೊದಲೇ ಹಿಸ್ಟಮಿನ್ ಜೊತೆ ಕಟ್ಟಿಟ್ಟಿದೆ.

ಪ್ರೊಟಮಿನ್ನನ್ನು ಬೇಗ ತಳ್ಳಿದರೆ ಹಿಸ್ಟಮಿನ್ ಹೊರಬಂದು ಬಿಪಿ ಬೀಳುತ್ತದೆ. ನಿಧಾನ ಕೊಟ್ಟರೆ ಬಹಳಷ್ಟು ಜನ ತಡೆದುಕೊಳ್ಳುತ್ತಾರೆ. ಆದರೆ ನಿಜವಾದ ಅಲರ್ಜಿ ಇರುವವರಿಗೆ ನಿಧಾನವೂ ಸಾಲದು. ಅದಕ್ಕೇ ಹಿಂದಿನ ದಿನ ಸಕ್ಕರೆ ಕಾಯಿಲೆಯವರ ಹತ್ತಿರ ಕೂತು ಕೇಳುತ್ತೇನೆ: ‘ನೀವು ತಗೊಳ್ಳೋ ಇನ್ಸುಲಿನ್ ನೀರಿನ ಹಾಗಿರುತ್ತಾ, ಹಾಲಿನ ಹಾಗಾ?’ ನಮ್ಮಲ್ಲಿ ಬಹಳ ಮಂದಿ ತೆಗೆದುಕೊಳ್ಳುವ 30/70 ಇನ್ಸುಲಿನ್ ಬೆಳ್ಳಗಿರುತ್ತದೆ. ಅದರಲ್ಲಿ ಪ್ರೊಟಮಿನ್ ಇದೆ. ವರ್ಷಗಟ್ಟಲೆ ಚುಚ್ಚಿಕೊಂಡವರ ದೇಹ ಅದರ ಗುರುತು ಹಿಡಿದಿಟ್ಟಿರಬಹುದು. ಮೀನು ತಿಂದರೆ ಮೈ ಊದುತ್ತದೆಯೇ ಅಂತಲೂ ಕೇಳುತ್ತೇನೆ. ಸುಮ್ನೆ ಕೇಳುವ ಪ್ರಶ್ನೆಗಳಲ್ಲ ಇವು.

ಥಿಯೇಟರಿನಲ್ಲಿ ಆ ಹೊತ್ತು ಬಂದಾಗ ಗಟ್ಟಿಯಾಗಿ ‘ಪ್ರೊಟಮಿನ್ ಶುರು’ ಅನ್ನುತ್ತೇನೆ. ಮಷಿನ್ ನೋಡಿಕೊಳ್ಳುವವರು ಎದೆಯೊಳಗಿನ ರಕ್ತವನ್ನು ಮಷಿನ್ನಿಗೆ ಎಳೆಯುವ ಸಕ್ಷನ್ ನಿಲ್ಲಿಸುತ್ತಾರೆ. ಪ್ರೊಟಮಿನ್ ಬೆರೆತ ರಕ್ತ ಮಷಿನ್ನಿಗೆ ಹೋದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ಮೊದಲು ಒಂದು ಚೂರು ಕೊಡುತ್ತೇನೆ. ಕಾಯುತ್ತೇನೆ. ಮಾನಿಟರಿನಲ್ಲಿ ಬಿಪಿ ತೋರಿಸುವ ಕೆಂಪು ಗೆರೆ ಕುಗ್ಗಿತೇ? ಉಸಿರಿನ ಒತ್ತಡ ಏರಿತೇ? ಬಿದ್ದ ಬಿಪಿ ಎತ್ತುವ ಅಡ್ರಿನಲಿನ್ ಕೈಗೆಟುಕುವಲ್ಲೇ ಇದೆ. ತೀರಾ ಕೆಟ್ಟರೆ ಮತ್ತೆ ಹೆಪಾರಿನ್ ಕೊಟ್ಟು ಮಷಿನ್ನಿಗೇ ಹೋಗಬೇಕು. ಗೆರೆ ನೆಟ್ಟಗಿದ್ದರೆ ಮತ್ತೊಂದು ಚೂರು. ಹೀಗೆ ಹತ್ತು ನಿಮಿಷ. ಅಷ್ಟರಲ್ಲಿ ಎದೆಯೊಳಗೆ ಒಸರುತ್ತಿದ್ದ ರಕ್ತ ಅಲ್ಲಲ್ಲಿ ಗಟ್ಟಿಯಾಗತೊಡಗುತ್ತದೆ. ಸರ್ಜನ್ ಒಮ್ಮೆ ಬಗ್ಗಿ ನೋಡಿ, ಎದೆಮೂಳೆ ಬಿಗಿಯುವ ತಂತಿಗೆ ಕೈ ಚಾಚುತ್ತಾರೆ.